ಅಕ್ಕ ಮನೆಗೆ ಬರುವ ಮೊದಲೇ ನಾನು ಸಹಿ ಹಾಕಿಬಿಟ್ಟೆ

ಅಂಗವಿಕಲರಿಗಾಗಿ ಮನೆ ಬದಲಾಯಿಸಲು ಅನುದಾನ ಮಂಜೂರಾಗಿದೆ, ಇನ್ನು ಕೆಲಸ ಶುರುವಾಗುವುದೊಂದೇ ಬಾಕಿ ಎನ್ನುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಒಂದು ಸಹಿಯಿಂದಾಗಿ ನಮ್ಮ ಅಕ್ಕ ಇವತ್ತಿಗೂ ಒಬ್ಬಳೇ ಮನೆಯಿಂದ ಹೊರಗೆ ಹೋಗಲಾರಳು.

ಅಪಘಾತದಲ್ಲಿ ಅಕ್ಕನ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅವಳಿನ್ನೂ ಪುನಶ್ಚೇತನ ಕೇಂದ್ರದಲ್ಲಿದ್ದಾಗಲೇ ಅನುದಾನಕ್ಕೆ ಅರ್ಜಿ ಹಾಕಿದೆವು. ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ತಜ್ಞರು) ಒಬ್ಬರು ಮನೆಗೆ ಬಂದು, ಮೂಲೆಮೂಲೆ ಅಳೆದು, ಏನೇನು ಆಗಬೇಕೆಂದು ವರದಿ ಬರೆದುಕೊಟ್ಟರು. ಮಂಜೂರಾತಿಯೂ ಬಂತು.

ಕಾಂಟ್ರ್ಯಾಕ್ಟರ್ ಕೊಟ್ಟ ಕೊಟೇಷನ್ ಒಂದೇ ಸಾಲಿನದು. ‘ರ‍್ಯಾಂಪ್, ಬಾಗಿಲು ಅಗಲ ಮಾಡುವುದು, ಬಾತ್‌ರೂಮ್ ಬದಲಾವಣೆ’ ಎಂದು ಬರೆದು ಪಕ್ಕದಲ್ಲಿ ಒಟ್ಟು ಮೊತ್ತ. ಅಳತೆಯಿಲ್ಲ, ನಕ್ಷೆಯಿಲ್ಲ. ಥೆರಪಿಸ್ಟರ ವರದಿಯ ಪ್ರತಿಯನ್ನು ಅವರ ಕೈಗೆ ಕೊಟ್ಟಿದ್ದೆ, ನಿಜ. ಆದರೆ ‘ಈ ವರದಿಯ ಅಳತೆಯಂತೆಯೇ ಕೆಲಸ’ ಎಂದು ಕೊಟೇಷನ್ನಿನಲ್ಲಿ ಬರೆಸಿಕೊಳ್ಳಲಿಲ್ಲ. ‘ಇಂಥವು ಎಷ್ಟೋ ಮಾಡಿದ್ದೀವಿ ಸಾರ್’ ಅಂದರು, ನಂಬಿದೆ.

ಕೆಲಸ ಮುಗಿದ ಸಂಜೆಯೇ ಒಂದು ಕಾಗದ ಮುಂದಿಟ್ಟರು. ಕೆಲಸ ತೃಪ್ತಿಕರವಾಗಿ ಪೂರ್ಣಗೊಂಡಿದೆ ಎನ್ನುವ ಪತ್ರ. ನಾಳೆಯೊಳಗೆ ಕೊಡದಿದ್ದರೆ ಕೊನೆಯ ಕಂತು ತಡವಾಗುತ್ತದೆ, ಕೆಲಸಗಾರರಿಗೆ ಕೂಲಿ ಕೊಡಬೇಕು ಅಂದರು. ಹೊಸ ಟೈಲ್ಸ್ ಹೊಳೆಯುತ್ತಿತ್ತು, ರ‍್ಯಾಂಪ್ ನೋಡಲು ನೀಟಾಗಿತ್ತು. ಸಹಿ ಹಾಕಿದೆ. ಅಕ್ಕ ಮನೆಗೆ ಬಂದದ್ದು ಅದಾಗಿ ನಾಲ್ಕು ದಿನಕ್ಕೆ.

ಅಂಗಳದಲ್ಲೇ ಗೊತ್ತಾಯಿತು. ನಮ್ಮ ಮನೆಯ ಮೂರು ಮೆಟ್ಟಿಲಿನ ಎತ್ತರ 18 ಇಂಚು. ವೀಲ್‌ಚೇರ್ ರ‍್ಯಾಂಪಿಗೆ ಒಂದಕ್ಕೆ ಹನ್ನೆರಡು ಎನ್ನುವ ಲೆಕ್ಕ ಇದೆ: ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ. ಅಂದರೆ ನಮಗೆ 18 ಅಡಿ ಬೇಕಿತ್ತು. ಕಟ್ಟಿದ್ದು 9 ಅಡಿ. ಅಕ್ಕ ಅರ್ಧ ಏರುವಷ್ಟರಲ್ಲಿ ಚೇರಿನ ಮುಂದಿನ ಚಿಕ್ಕ ಗಾಲಿಗಳು ನೆಲ ಬಿಟ್ಟವು. ಹಿಂದೆ ನಾನು ಹಿಡಿದಿರದಿದ್ದರೆ ಅಂಗಾತ ಬೀಳುತ್ತಿದ್ದಳು. ಜಾಗ ಸಾಲದು ಅಂತ ಗಿಡ್ಡ ಮಾಡಿದೆವು ಎಂದು ಆಮೇಲೆ ಹೇಳಿದರು. ಜಾಗ ಸಾಲದಿದ್ದರೆ ನಡುವೆ ಸಮತಟ್ಟು ಕೊಟ್ಟು ತಿರುಗಿಸಬೇಕು, ವರದಿಯಲ್ಲಿ ಅದರ ಚಿತ್ರವೇ ಇತ್ತು.

ಬಾತ್‌ರೂಮಿನ ಬಾಗಿಲು 32 ಇಂಚು ಎಂದಿದ್ದರು. ಚೌಕಟ್ಟನ್ನು ಅಳೆದರೆ 32 ಹೌದು. ಬಾಗಿಲು ತೆರೆದು ನಿಲ್ಲಿಸಿದಾಗ ಅದರ ದಪ್ಪ, ಕೀಲು, ಪಟ್ಟಿ ಎಲ್ಲ ಕಳೆದು ದಾಟಲು ಉಳಿಯುವ ಜಾಗ 30ಕ್ಕಿಂತ ಕಡಿಮೆ. ಅಕ್ಕನ ಚೇರ್ 26 ಇಂಚು. ನೇರ ಬಂದರೆ ಹೇಗೋ ತೂರುತ್ತಿತ್ತು, ಆದರೆ ನಮ್ಮದು ಇಕ್ಕಟ್ಟಾದ ಓಣಿಯಿಂದ ತಿರುಗಿ ಒಳಗೆ ಹೋಗಬೇಕಾದ ಬಾಗಿಲು. ಮೊದಲ ವಾರದಲ್ಲೇ ಅವಳ ಬೆರಳಿನ ಗೆಣ್ಣುಗಳೆಲ್ಲ ತರಚಿಹೋದವು. ಬಾಗಿಲನ್ನು ಯಾವಾಗಲೂ ಪೂರ್ತಿ ತೆರೆದಿಟ್ಟು, ಉಳಿದ ಸಂದನ್ನು ಅಳೆಯಿರಿ.

ಇನ್ನು ಕಮೋಡ್ ಪಕ್ಕದ ಗ್ರ್ಯಾಬ್ ಬಾರ್, ಅಂದರೆ ಆಸರೆಗೆ ಹಿಡಿಯುವ ಗೋಡೆಯ ಕಂಬಿ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಅದರ ಸ್ಕ್ರೂ ಟೈಲ್ಸ್ ಮತ್ತು ಗಾರೆಯಲ್ಲಷ್ಟೇ ಕೂತಿತ್ತು, ಇಟ್ಟಿಗೆಯವರೆಗೆ ಹೋಗಿರಲಿಲ್ಲ. ಅಮೆರಿಕದ ಅಂಗವಿಕಲರ ಕಾಯ್ದೆಯ (ಎಡಿಎ) ಮಾನದಂಡದಲ್ಲಿ ಇಂಥ ಕಂಬಿ 250 ಪೌಂಡ್, ಅಂದರೆ ಸುಮಾರು 113 ಕಿಲೋ ಭಾರ ತಡೆಯಬೇಕು. ನಮ್ಮದು ಒಂಬತ್ತನೇ ದಿನ ಅಕ್ಕನ ಕೈಗೇ ಕಿತ್ತುಬಂತು. ಬಿದ್ದವಳು ‘ಏನೂ ಆಗಿಲ್ಲ ಬಿಡೋ’ ಅಂದಳು. ಸೊಂಟದ ಕೆಳಗೆ ಸ್ಪರ್ಶವೇ ತಿಳಿಯದವಳಿಗೆ ನೋವು ಗೊತ್ತಾಗುವುದಾದರೂ ಹೇಗೆ? ಮರುದಿನ ಬೆಳಿಗ್ಗೆ ನೋಡಿದರೆ ಪೃಷ್ಠದ ಮೇಲೆ ಅಂಗೈ ಅಗಲ ಕೆಂಪು. ಅದು ಹುಣ್ಣಾಯಿತು. ವಾರಗಟ್ಟಲೆ ಚೇರಿನಲ್ಲಿ ಕೂರುವಂತಿಲ್ಲದೆ ಮಗ್ಗುಲಾಗಿಯೇ ಮಲಗಿದ್ದಳು. ಇದೇ ಕಾರಣಕ್ಕೆ ನಲ್ಲಿಗೆ ಬಿಸಿನೀರಿನ ಉಷ್ಣತೆ ತಡೆಯುವ ವಾಲ್ವ್ ಹಾಕಬೇಕೆಂದು ವರದಿಯಲ್ಲಿತ್ತು, ಚರ್ಮ ಸುಟ್ಟರೂ ಅವಳಿಗೆ ತಿಳಿಯುವುದಿಲ್ಲವಲ್ಲ. ಅದನ್ನೂ ಹಾಕಿರಲಿಲ್ಲ.

ಕಾಂಟ್ರ್ಯಾಕ್ಟರ್ ಫೋನ್ ಎತ್ತುವುದನ್ನು ನಿಲ್ಲಿಸಿದರು. ಅನುದಾನ ಕೊಟ್ಟವರ ಬಳಿ ಹೋದೆ. ಕಡತ ತೆಗೆದು ನನ್ನ ಸಹಿ ತೋರಿಸಿದರು. ನೀವೇ ತೃಪ್ತಿಕರ ಎಂದು ಬರೆದುಕೊಟ್ಟಿದ್ದೀರಿ, ಹಣ ಪೂರ್ತಿ ಪಾವತಿಯಾಗಿದೆ, ಅದೇ ಕೆಲಸಕ್ಕೆ ಎರಡನೇ ಸಲ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಅಂದರು. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. ಆದರೆ ಕೆಲಸ ಆದಮೇಲೆ ಆ ಕಡೆಯಿಂದ ಒಬ್ಬರೂ ಬಂದು ಟೇಪು ಹಿಡಿದು ನೋಡಿರಲಿಲ್ಲ, ಹಣ ಹೋದದ್ದು ಬರೀ ಕಾಗದ ನೋಡಿ. ಇದು ನನ್ನೊಬ್ಬನ ತಪ್ಪು ಎಂದು ನಾನು ಈಗ ಒಪ್ಪುವುದಿಲ್ಲ.

ಆ ಪತ್ರಕ್ಕೆ ಸಹಿ ಬೀಳಬೇಕಾದದ್ದು, ಆ ಮನೆಯಲ್ಲಿ ಬದುಕಬೇಕಾದವರು ತಮ್ಮ ಚೇರಿನಲ್ಲೇ ರ‍್ಯಾಂಪ್ ಹತ್ತಿ, ಇಳಿದು, ಕಮೋಡಿಗೆ ದಾಟಿ, ವಾಪಸ್ ಬಂದ ಮೇಲೆ. ಅವರಿನ್ನೂ ಆಸ್ಪತ್ರೆಯಲ್ಲಿದ್ದರೆ ಬರುವ ತನಕ ಕಾಯಿರಿ. ಥೆರಪಿಸ್ಟರನ್ನೂ ಅವತ್ತು ಕರೆಸಿ. ಕೊನೆಯ ಕಂತು ಅಲ್ಲಿಯವರೆಗೆ ಬಿಡುಗಡೆಯಾಗದಂತೆ ಮೊದಲೇ ಬರೆಸಿಕೊಳ್ಳಿ, ಒಪ್ಪದ ಕಾಂಟ್ರ್ಯಾಕ್ಟರನ್ನು ಬಿಟ್ಟುಬಿಡಿ. ಟೈಲ್ಸ್ ಮುಚ್ಚುವ ಮೊದಲು ಗೋಡೆಯ ಫೋಟೋ ತೆಗೆದಿಡಿ, ನನ್ನ ಬಳಿ ಒಂದೂ ಇಲ್ಲ. ಇನ್ನೊಂದು: ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಯಾರಾದರೂ ‘ಶುರು ಮಾಡಿಬಿಡೋಣ’ ಅಂದರೆ ಬೇಡ ಅನ್ನಿ. ಮೊದಲೇ ಶುರುವಾದ ಕೆಲಸಕ್ಕೆ ಹಣ ಕೊಡದ ಅನುದಾನಗಳೇ ಹೆಚ್ಚು.

ಈಗ ಬಾತ್‌ರೂಮನ್ನು ಸಾಲ ಮಾಡಿ ಸರಿಪಡಿಸಿದ್ದೇವೆ. ಥೆರಪಿಸ್ಟರು ಮತ್ತೆ ಬಂದು ಪ್ರತಿ ಅಳತೆಯ ವ್ಯತ್ಯಾಸ ಬರೆದುಕೊಟ್ಟಿದ್ದಾರೆ, ಅದನ್ನಿಟ್ಟು ಮೇಲ್ಮನವಿ ಹಾಕಿದ್ದೇವೆ. ರ‍್ಯಾಂಪ್ ಮಾತ್ರ ಹಾಗೇ ಇದೆ. ಅಕ್ಕ ಹೊರಗೆ ಹೋಗಬೇಕೆಂದರೆ ನಾನು ಕೆಲಸದಿಂದ ಬರುವ ತನಕ ಬಾಗಿಲ ಬಳಿ ಕಾಯುತ್ತಾಳೆ.