ಕುಮಟಾದಲ್ಲಿ ಹೋಮ್ ಕೇರ್: ಮರೆವಿನ ಕಾಯಿಲೆ ಇರುವವರಿಗೆ ಎಷ್ಟು ಉಪಯೋಗ ಆಗುತ್ತೆ?

ಅತ್ತೆಗೆ ಡಿಮೆನ್ಷಿಯಾ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾಗಿ ಹಗಲು ಹೊತ್ತು ನೋಡಿಕೊಳ್ಳೋಕೆ ಕುಮಟಾದ ಒಂದು ಹೋಮ್ ಕೇರ್ ಏಜೆನ್ಸಿಯಿಂದ ಹೆಂಗಸರನ್ನು ಕರೆಸಿಕೊಳ್ಳುತ್ತಿದ್ದೇವೆ. ಹೆಸರು ಬರೆಯುವುದಿಲ್ಲ. ತಿಂಗಳಿಗೆ 18 ಸಾವಿರ, ಊಟ ನಮ್ಮದು.

ಹೊತ್ತಿಗೆ ಸರಿಯಾಗಿ ಬರುತ್ತಾರೆ. ಸ್ನಾನ, ಮಾತ್ರೆ, ಊಟ ಎಲ್ಲಾ ಅಚ್ಚುಕಟ್ಟು. ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಧೈರ್ಯವಾಗಿ ಕರೆಸಿಕೊಳ್ಳಿ.

ಮರೆವಿನ ಕಾಯಿಲೆಗೆ ಮಾತ್ರ ಇಷ್ಟು ಸಾಲದು. ಮೊದಲು ಬಂದಾಕೆ ಒಳ್ಳೆಯವಳೇ, ಆದರೆ ಈ ಕಾಯಿಲೆ ಬಗ್ಗೆ ಅವಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. "ಇವರೆಲ್ಲಿ, ಇನ್ನೂ ಊಟಕ್ಕೆ ಬಂದಿಲ್ವಲ್ಲ" ಎಂದು ಅತ್ತೆ ಮಾವನನ್ನು ಹುಡುಕಿದಾಗೆಲ್ಲ, "ಅವರು ತೀರಿಹೋಗಿ ಎಷ್ಟೋ ವರ್ಷ ಆಯ್ತಲ್ಲಮ್ಮಾ" ಎಂದು ತಿದ್ದುತ್ತಿದ್ದಳು. ಅತ್ತೆಗೆ ಪ್ರತಿ ಸಲವೂ ಅದು ಹೊಸ ಸುದ್ದಿ. ಪ್ರತಿ ಸಲವೂ ಅಳು.

ಈಗ ಬರುವಾಕೆ ಹೊನ್ನಾವರ ಕಡೆಯವಳು. ಅವಳಿಗೂ ತರಬೇತಿ ಇಲ್ಲ, ಆದರೆ ಅವಳ ಅಜ್ಜಿಗೂ ಹೀಗೇ ಇತ್ತಂತೆ. ಸಂಜೆಯಾದರೆ ಅತ್ತೆ "ಮನೆಗೆ ಹೋಗ್ಬೇಕು" ಎಂದು ಗೇಟಿನ ಚಿಲಕಕ್ಕೆ ಕೈ ಹಾಕುತ್ತಾರೆ. ಇದೇ ಮನೆ ಅಂತ ಅವಳು ವಾದಿಸುವುದಿಲ್ಲ. "ಹೋಗೋಣಮ್ಮಾ, ಇದೊಂದು ಕೆಲಸ ಮುಗಿಸಿಬಿಡುವಾ" ಎಂದು ಜಗುಲಿಯಲ್ಲಿ ಕೂರಿಸಿ, ಸೊಪ್ಪು ತೆಗೆಯದ ಈರುಳ್ಳಿಯನ್ನು ಮುಂದಿಡುತ್ತಾಳೆ. ಅತ್ತೆಯ ತವರು ಅಳ್ವೆಕೋಡಿ ಕಡೆ, ಸಣ್ಣವರಿದ್ದಾಗಿನಿಂದ ಈರುಳ್ಳಿ ಗೊಂಚಲು ಕಟ್ಟಿದ ಕೈ. ಮಗನ ಹೆಸರು ನೆನಪಿಗೆ ಬಾರದಿದ್ದರೂ ಬೆರಳುಗಳು ಒಣಗಿದ ಸೊಪ್ಪನ್ನು ಎಡಕ್ಕೊಂದು ಬಲಕ್ಕೊಂದು ತಿರುಗಿಸಿ ಬಿಗಿಯಾಗಿ ಹೆಣೆಯುತ್ತವೆ. ಅಷ್ಟರಲ್ಲಿ ನಾನು ಮನೆ ಸೇರಿರುತ್ತೇನೆ.

ಇದನ್ನೆಲ್ಲಾ ನಿಮ್ಮ ಎಲ್ಲಾ ಹುಡುಗಿಯರಿಗೂ ಕಲಿಸಿ ಅಂತ ಏಜೆನ್ಸಿಯವರಿಗೆ ಹೇಳಿದೆ. "ಕಲಿಸೋರು ಯಾರು ಮೇಡಂ?" ಅಂದರು. ನಿಜ ಅಲ್ವಾ. ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅನ್ನುವ ಅಂದಾಜಿದೆ. ಎಲ್ಲಾ ದೇಶಗಳೂ ಇದಕ್ಕೊಂದು ಯೋಜನೆ ಮಾಡಿಕೊಳ್ಳಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹೇಳಿದೆ, ನಮ್ಮಲ್ಲಿ ಡಿಮೆನ್ಷಿಯಾಗೆಂದೇ ರಾಷ್ಟ್ರೀಯ ಯೋಜನೆ ಇನ್ನೂ ಬಂದಿಲ್ಲ. ರಾಜ್ಯ ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಬ್ರೇನ್ ಹೆಲ್ತ್ ಯೋಜನೆ ಶುರು ಮಾಡಿದ್ದು ಬಹಳ ಒಳ್ಳೆಯ ಕೆಲಸ, ಕಾಯಿಲೆ ಬೇಗ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಬೆಳಗಿನಿಂದ ಸಂಜೆವರೆಗೆ ಜೊತೆಗಿರುವವರು ಯಾರು? 2024ರಲ್ಲಿ ಕೇಂದ್ರ ಸರ್ಕಾರ 70 ದಾಟಿದವರಿಗೂ ಆಯುಷ್ಮಾನ್ ವಿಸ್ತರಿಸಿತು, 5 ಲಕ್ಷದವರೆಗೆ, ಆದರೆ ಅದು ಆಸ್ಪತ್ರೆಗೆ ಸೇರಿದರೆ ಸಿಗುವ ದುಡ್ಡು. ಈ ಕಾಯಿಲೆಯವರು ಇರುವುದು ಮನೆಯಲ್ಲಿ. ಕುಮಟಾ, ಅಂಕೋಲಾ, ಹೊನ್ನಾವರದ ತಾಲೂಕು ಆಸ್ಪತ್ರೆಗಳಲ್ಲಿ ಈ ಹೆಂಗಸರಿಗೆ, ಆಶಾ ಕಾರ್ಯಕರ್ತೆಯರಿಗೆ ಒಂದೆರಡು ವಾರ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಡಲಿ, ಅದಕ್ಕೆ ತಕ್ಕ ಸಂಬಳವೂ ಸಿಗಲಿ. ತಾಲೂಕಿಗೊಂದು ಹಗಲು ಆರೈಕೆ ಕೇಂದ್ರವಾದರೆ 18 ಸಾವಿರ ಕೊಡಲಾಗದ ಮನೆಗಳೂ ಉಸಿರಾಡುತ್ತವೆ.

ಕರೆಸಿಕೊಳ್ಳುವ ಮೊದಲು ಡಾಕ್ಟರ ಹತ್ತಿರ ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅವುಗಳ ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ನೋಡಿಕೊಳ್ಳುವ ನಿಮಗೇ ತಡೆಯಲಾಗದಷ್ಟು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏಜೆನ್ಸಿಯಲ್ಲಿ ದಿನಾ ಒಬ್ಬಳೇ ಬರಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಅವಳು ರಜೆ ಹಾಕುವುದಿದ್ದರೆ, ಬದಲಿಗೆ ಬರುವಾಕೆಯನ್ನು ಹಿಂದಿನ ದಿನವೇ ಕರೆಸಿ ಇಬ್ಬರನ್ನೂ ಜೊತೆಗಿರಿಸಿ.