ಕಂಪನಿಯ ಆರೋಗ್ಯ ವಿಮೆ ಸಾಕಾ, ಸ್ವಂತದ್ದೂ ಬೇಕಾ?

ಕಾರವಾರದಲ್ಲೋ ಶಿರಸಿಯಲ್ಲೋ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಗೆಳೆಯರು ಇದನ್ನು ಕೇಳುತ್ತಲೇ ಇರುತ್ತಾರೆ.

ಕಂಪನಿಯ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ದುಡ್ಡು ಸಿಗುತ್ತದೆ. ಸ್ವಂತ ಪಾಲಿಸಿಯಲ್ಲಿ 3 ವರ್ಷದವರೆಗೂ ಕಾಯಿಸಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಪ್ಪ ಅಮ್ಮ ಇದ್ದರೆ, ಅವರನ್ನೂ ಸೇರಿಸುವ ಕಂಪನಿ ವಿಮೆಯನ್ನು ಬಿಡಲೇಬೇಡಿ.

ಆದರೆ ಖರ್ಚಿನ ವಿಷಯದಲ್ಲಿ ಅದು ನಮ್ಮನ್ನು ಮೈಮರೆಸುತ್ತದೆ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದಾಗ ಕೌಂಟರಿನಲ್ಲಿ ಮೊದಲು ಕೇಳಿದ್ದೇ "ಇನ್ಶೂರೆನ್ಸ್ ಇದೆಯಾ?" ಅಂತ. ಇದೆ ಅಂದೆ. ದೊಡ್ಡ ರೂಮು ಕೊಟ್ಟರು. ನಾನೂ ಬಾಡಿಗೆ ಕೇಳಲಿಲ್ಲ. ಕೈಯಿಂದ ಕೊಡುವುದಾಗಿದ್ದರೆ ಕೇಳುತ್ತಿದ್ದೆ, ಅಲ್ವಾ? ಬಾಡಿಗೆ ಪಾಲಿಸಿಯ ಮಿತಿ ದಾಟಿತ್ತು. ಬಾಡಿಗೆಗೆ ಕಡಿತ ಮಾಡಿದ ಲೆಕ್ಕದಲ್ಲೇ ವಿಮೆಯವರು ಡಾಕ್ಟರ್ ಫೀಸಿಗೂ ಕತ್ತರಿ ಹಾಕಿದರು. ಎಲ್ಲರ ಕ್ಲೇಮೂ ಹೀಗೆ ಜಾಸ್ತಿಯಾದರೆ ಮುಂದಿನ ವರ್ಷ ಕಂಪನಿಯ ಪ್ರೀಮಿಯಂ ಏರುತ್ತದೆ. ಆ ಹೊರೆ ನಮ್ಮ ಸಂಬಳದ ಏರಿಕೆಗೇ ತಗಲಬಹುದು.

ಸ್ವಂತ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಕೆಲಸ ಬಿಟ್ಟರೂ ಅದು ಕೈಯಲ್ಲಿರುತ್ತದೆ.

ಯಾವ ವಿಮೆಯಾದರೂ ಸರಿ, ಅದು ನಡೆಯುವ ಆಸ್ಪತ್ರೆಗಳ ಪಟ್ಟಿ ನೋಡಿ. ದೊಡ್ಡ ಚಿಕಿತ್ಸೆ ಅಂದರೆ ನಾವು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾಕ್ಕೆ ಓಡುವವರು. ನಾನು ಕಂಪನಿಯದ್ದನ್ನು ಇಟ್ಟುಕೊಂಡೇ 5 ಲಕ್ಷದ ಸ್ವಂತದ್ದೊಂದು ಮಾಡಿಸಿದ್ದೇನೆ.