ಮಳೆಗಾಲದಲ್ಲಿ ಶಿರಸಿ-ಕುಮಟಾ ರೋಡ್ ಹಿಡಿಯೋರು ಶಿರಸಿಯಲ್ಲೇ ನಿಲ್ಸಿ ವಿಚಾರಿಸ್ಕೊಳ್ಳಿ

ಗೋಕರ್ಣಕ್ಕೆ ಹೊರಟಿರೋರು, ಅದ್ರಲ್ಲೂ ಹಾವೇರಿ ಕಡೆಯಿಂದ ಮನೆಮಂದಿನೆಲ್ಲ ಕರ್ಕೊಂಡು ಟಿಟಿ (ಟೆಂಪೋ ಟ್ರಾವೆಲರ್) ಮಾಡ್ಕೊಂಡು ಬರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಮ್ಯಾಪ್ ಹಾಕಿದ್ರೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಸುಮಾರು 60 ಕಿಮೀ ಅಂತ ತೋರಿಸುತ್ತೆ. ಮೊದ್ಲು ಇದು ರಾಜ್ಯ ಹೆದ್ದಾರಿ 69, ಈಗ ರಾಷ್ಟ್ರೀಯ ಹೆದ್ದಾರಿ 766ಇ. ನ್ಯಾಷನಲ್ ಹೈವೇ ಅಂದ್ಮೇಲೆ ಚೆನ್ನಾಗೇ ಇರುತ್ತೆ ಅಂತ ಯಾರಾದ್ರೂ ಅಂದ್ಕೊಳ್ತಾರೆ. ಆದ್ರೆ ಅಗಲ ಮಾಡೋಕೆ ಗುಡ್ಡ ಕಡಿದು ಬಿಟ್ಟಿರೋ ಕಡೆಯೆಲ್ಲ ಮಳೆ ಶುರುವಾದ್ರೆ ಮಣ್ಣು ಜಾರುತ್ತೆ.

ನಾವು ಹೋದಾಗ ಶಿರಸಿಯಲ್ಲಿ ಒಂದು ಬೋರ್ಡೂ ಕಾಣ್ಲಿಲ್ಲ, ತಡೆದು ಹೇಳೋರೂ ಇರ್ಲಿಲ್ಲ. ರಾಗಿಹೊಸಳ್ಳಿ ದಾಟಿ ಸ್ವಲ್ಪ ಮುಂದೆ ಹೋದ್ರೆ ಸಾಲಾಗಿ ಗಾಡಿ ನಿಂತಿವೆ, ಮುಂದೆ ನಡ್ಕೊಂಡು ಹೋಗಿ ನೋಡಿದ್ರೆ ಧರೆ ಕುಸಿದು ಕೆಂಪು ಮಣ್ಣು ರಸ್ತೆ ತುಂಬ, ಮೇಲ್ಗಡೆ ಒಂದು ಮರ ಬೇರೆಲ್ಲ ಕಿತ್ಕೊಂಡು ಇನ್ನೇನು ಬೀಳೋ ಹಾಗೆ ವಾಲಿದೆ, ಅದರ ಕೆಳಗೇ ಜನ ನಿಂತ್ಕೊಂಡು ವಿಡಿಯೋ ಮಾಡ್ತಿದಾರೆ. 'ರಸ್ತೆ ಬಂದ್' ಅನ್ನೋ ಬೋರ್ಡು ಎಲ್ಲಿತ್ತು ಗೊತ್ತಾ, ಆ ಮಣ್ಣಿನ ರಾಶಿಗೆ ಒರಗಿಸಿ ಇಟ್ಟಿದ್ರು! ಅಲ್ಲಿ ತನಕ ಬಂದ್ಮೇಲೆ ಅದನ್ನ ಓದಿ ಏನು ಮಾಡ್ಬೇಕು? ಹಿಂದೆ ಲೋಡ್ ಲಾರಿ, ಟಿಟಿ ತಿರುಗಿಸೋಕೆ ಜಾಗ ಇಲ್ಲ, ಫೋನಿಗೆ ನೆಟ್‌ವರ್ಕ್ ಇಲ್ಲ, ನಮ್ಮ ಅತ್ತೆಯವ್ರಿಗೆ ಬೇರೆ ಶುಗರ್, ಊಟದ ಹೊತ್ತು ಮೀರಿ ಕೈ ನಡುಗೋಕೆ ಶುರುವಾಗಿತ್ತು. ಒಂದೊಂದೇ ಗಾಡಿ ರಿವರ್ಸ್ ತಗೊಂಡು ನಾವು ವಾಪಸ್ ಶಿರಸಿ ಸೇರೋಷ್ಟರಲ್ಲಿ ಕತ್ತಲಾಗಿತ್ತು. ಕೆಲಸ ಮಾಡೋರು ಆ ಬೋರ್ಡನ್ನ ಶಿರಸಿ ಊರು ಬಿಡೋ ಜಾಗದಲ್ಲಿ ಹಾಕಿದ್ರೆ ಅಷ್ಟೂ ಜನಕ್ಕೆ ಈ ಗೋಳು ಇರ್ತಿರ್ಲಿಲ್ಲ, ನನಗೆ ಸಿಟ್ಟು ಬಂದಿರೋದು ಅದಕ್ಕೇ.

ಬೇರೆ ದಾರಿ ಕೇಳಿದ್ರೆ ಕೆಲವ್ರು ಸಿದ್ದಾಪುರದಿಂದ ದೊಡ್ಮನೆ ಘಟ್ಟ ಇಳೀರಿ ಅಂತಾರೆ. ಹತ್ರ ಆಗುತ್ತೆ ನಿಜ, ಆದ್ರೆ ಕಿರಿದು ರಸ್ತೆ, ತಿರುವು ಜಾಸ್ತಿ, ಗೊತ್ತಿಲ್ದೋರು ಮಳೇಲಿ ರಾತ್ರಿ ಹೊತ್ತು ದೊಡ್ಡ ಗಾಡಿ ತಗೊಂಡು ಖಂಡಿತ ಹೋಗ್ಬೇಡಿ. ನಾವು ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪ ಮೇಲೆ ಹೊನ್ನಾವರಕ್ಕೆ ಇಳಿದ್ವಿ, ಸುತ್ತು ಆದ್ರೂ ತಲುಪಿದ್ವಿ. ಹುಬ್ಬಳ್ಳಿ ಕಡೆಯಿಂದ ಬರೋರಿಗೆ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾರಿ ಇದೆ, ಜೋರು ಮಳೆ ಇದ್ರೆ ಅದನ್ನೂ ಕೇಳ್ಕೊಂಡೇ ಹೊರಡಿ.

ವಿಚಾರಿಸೋಕೆ ಸುಲಭದ ದಾರಿ ಅಂದ್ರೆ ಶಿರಸಿ ಬಸ್‌ಸ್ಟ್ಯಾಂಡಿಗೆ ಹೋಗಿ ಇವತ್ತು ಕುಮಟಾ ಬಸ್ ಯಾವ ದಾರಿ ಮೇಲೆ ಹೋಗ್ತಿದೆ ಅಂತ ಕೇಳೋದು. ದೇವಿಮನೆ ಮೇಲೆ ಬಸ್ ಬಿಡ್ತಿಲ್ಲ ಅಂದ್ರೆ ನೀವೂ ಹೋಗ್ಬೇಡಿ. ಜಿಲ್ಲಾ ಸಹಾಯವಾಣಿ 1077 ಇದೆ, ಲಾರಿ ಟೂರಿಸ್ಟ್ ಬಸ್ಸಿನವ್ರು ಭಾರೀ ವಾಹನಕ್ಕೆ ಡಿಸಿ ಆದೇಶ ಏನಿದೆ ಅಂತಾನೂ ನೋಡ್ಕೊಳ್ಳಿ. ಈ ವಾರ ಯಾರಾದ್ರೂ ಆ ಕಡೆ ಹೋಗಿ ಬಂದಿದ್ರೆ ಎಲ್ಲಿ ತನಕ ಓಪನ್ ಇದೆ ಅಂತ ಕೆಳಗೆ ಬರೀರಿ.